ಕೋಳಿಗೆ ಗೊತ್ತಿತ್ತಾ?

ಕಥೆ ಮುಗಿದು ಪುಸ್ತಕ ಮುಚ್ಚುವುದೇ ತಡ, ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೇಳುತ್ತದೆ. "ಮಿಸ್, ಸುಳ್ಳು ಹೇಳಬಾರದು." ಕಥೆಯಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ. ಆನೆಗೆ ನೆಗಡಿ ಆಗಿರುತ್ತದೆ, ಅಷ್ಟೇ. ಇನ್ನೊಂದು ಕೈ: "ಒಗ್ಗಟ್ಟಿನಲ್ಲಿ ಬಲವಿದೆ." ಮತ್ತೊಂದು: "ದುರಾಸೆ ಪಡಬಾರದು ಮಿಸ್." ನಾನು ಏನೂ ಕೇಳಿರುವುದಿಲ್ಲ. ಕೇಳುವ ಮೊದಲೇ ಉತ್ತರ ಬಂದಿರುತ್ತದೆ. ಉತ್ತರ ಕೊಟ್ಟ ಮೇಲೆ ಆ ಮಕ್ಕಳ ಮುಖದಲ್ಲಿ ಒಂದು ನಿರಾಳ ಕಾಣುತ್ತದೆ. ಲೆಕ್ಕ ತೀರಿತು, ಇನ್ನು ಆಟಕ್ಕೆ ಬಿಡುತ್ತಾರೆ ಅನ್ನುವ ನಿರಾಳ. ಬಹಳ ದಿನದಿಂದ ಇದು ನನ್ನ ತಲೆ ಕೊರೆಯುತ್ತಿದೆ.

ನಾನು ಶಿಕ್ಷಕಿ ಅಲ್ಲ. ಬೇರೆ ಕೆಲಸದಲ್ಲಿದ್ದೇನೆ. ಹಾಸನದ ಕಡೆ ಒಂದು ಸರ್ಕಾರಿ ಶಾಲೆಗೆ ಶನಿವಾರ ಬಿಡುವಾದಾಗೆಲ್ಲ ಹೋಗುತ್ತೇನೆ. ಶನಿವಾರ ಬೆಳಗಿನ ಶಾಲೆ. ಅದರಲ್ಲೂ ಬ್ಯಾಗ್ ಇಲ್ಲದ ಶನಿವಾರ ಆದರೆ ಮಕ್ಕಳ ಕೈಯೂ ಖಾಲಿ, ಮನಸ್ಸೂ ಹಗುರ. ಒಂದು ಚೀಲದಲ್ಲಿ ಚಿತ್ರಪುಸ್ತಕ ತುಂಬಿಕೊಂಡು ಹೋಗುವುದು, ನೆಲದ ಮೇಲೆ ಕೂತು ತೋರಿಸಿ ಓದುವುದು, ವಾಪಸ್ ಬರುವುದು. ಇಷ್ಟೇ ನನ್ನ ಕೆಲಸ. ಇಷ್ಟೇ ಕೆಲಸದಲ್ಲಿ ಇಷ್ಟೊಂದು ಯೋಚನೆ ಮಾಡುವುದಕ್ಕೆ ಏನಿದೆ ಎಂದು ಮನೆಯಲ್ಲಿ ಕೇಳುತ್ತಾರೆ. ಇದೆ.

ನೀತಿ ಹೇಳುವ ಅಭ್ಯಾಸ ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟವೇನಲ್ಲ. ಪಂಚತಂತ್ರ ಇದೆ, ಈಸೋಪ ಇದ್ದಾನೆ, ಪಾಠದ ಕೊನೆಯ ಅಭ್ಯಾಸ ಪ್ರಶ್ನೆಗಳಿವೆ, ಸ್ವಾತಂತ್ರ್ಯ ದಿನದ ಭಾಷಣಗಳಿವೆ. ಆದರೆ ಮಕ್ಕಳನ್ನು ಹತ್ತಿರದಿಂದ ನೋಡಿದರೆ ನನಗೆ ಅನ್ನಿಸುವುದೇ ಬೇರೆ. ಅವರು ಅದನ್ನು ನಂಬಿ ಹೇಳುತ್ತಿಲ್ಲ. ಮರ್ಯಾದೆಗೆ ಹೇಳುತ್ತಿದ್ದಾರೆ. ಯಾರೋ ದೊಡ್ಡವರು ಅಷ್ಟು ದೂರದಿಂದ ಬಂದಿದ್ದಾರೆ, ಕಥೆ ಹೇಳಿದ್ದಾರೆ, ಅವರಿಗೆ ಏನೋ ಒಂದು ಬೇಕಾಗಿರುತ್ತದೆ. ಮನೆಗೆ ಬಂದವರಿಗೆ ಮೊದಲು ನೀರು ಕೊಡುವ ಹಾಗೆ ಒಂದು ನೀತಿ ಕೊಟ್ಟುಬಿಡುತ್ತಾರೆ. ಅವರವರಿಗೆ ಕಥೆಯಲ್ಲಿ ಕಂಡದ್ದು ಬೇರೆಯೇ ಇರುತ್ತದೆ. ಅದನ್ನು ಆಮೇಲೆ ಹೊರಗೆ ನಲ್ಲಿಯ ಹತ್ತಿರ ಮಾತಾಡಿಕೊಳ್ಳುತ್ತಾರೆ.

ನರಿಯ ಹೆಸರೇ ಇಲ್ಲದ ಪುಸ್ತಕ

ಪ್ಯಾಟ್ ಹಚಿನ್ಸ್ ಎಂಬ ಇಂಗ್ಲಿಷ್ ಚಿತ್ರಕಾರ್ತಿ 1968ರಲ್ಲಿ ಮಾಡಿದ ಒಂದು ಪುಸ್ತಕವಿದೆ, ರೋಸಿ ಎಂಬ ಹೇಂಟೆಯ ಕಥೆ. ಇಡೀ ಪುಸ್ತಕದಲ್ಲಿ ಇರುವುದು 32 ಪದ, ಒಂದೇ ವಾಕ್ಯ. ರೋಸಿ ಅಡ್ಡಾಡಲು ಹೊರಟಳು, ಅಂಗಳ ದಾಟಿದಳು, ಕೊಳ ಸುತ್ತಿದಳು, ಹುಲ್ಲಿನ ಮೆದೆ ಹತ್ತಿ ಇಳಿದಳು, ಹಿಟ್ಟಿನ ಗಿರಣಿ, ಬೇಲಿ, ಜೇನುಪೆಟ್ಟಿಗೆ ಎಲ್ಲ ದಾಟಿ ಊಟದ ಹೊತ್ತಿಗೆ ಮನೆಗೆ ಬಂದಳು. ಮುಗಿಯಿತು. ಚಿತ್ರದಲ್ಲಿ ಮಾತ್ರ ಮೊದಲಿನಿಂದ ಕೊನೆವರೆಗೂ ಅವಳ ಬೆನ್ನ ಹಿಂದೆ ಒಂದು ನರಿ ಇದೆ. ಹಾರಲು ನೋಡುತ್ತದೆ, ಪ್ರತಿ ಸಲವೂ ಏಟು ತಿನ್ನುತ್ತದೆ. ಮಾತಿನಲ್ಲಿ ನರಿಯ ಸುದ್ದಿಯೇ ಇಲ್ಲ.

ಇದನ್ನು ನಲಿ-ಕಲಿ ಕೋಣೆಯಲ್ಲಿ ಓದಿದೆ, ಅಂದರೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಆಡುತ್ತಾ ಕಲಿಯುವ ಕೋಣೆ. ಆ ಕೋಣೆ ನಿಮಗೆ ಗೊತ್ತಲ್ಲ. ತಗ್ಗು ಮೇಜು, ಮಕ್ಕಳ ಕೈಗೆ ಎಟುಕುವ ಕಪ್ಪು ಹಲಗೆ, ತಲೆ ಮೇಲೆ ದಾರ ಎಳೆದು ಕಟ್ಟಿದ ಚಪ್ಪರ, ಗೋಡೆಯಲ್ಲಿ ಕಲಿಕಾ ಏಣಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಇದರ ಆಸೆ ಒಳ್ಳೆಯದೇ ಇತ್ತು. ಪ್ರತಿ ಮಗು ತನ್ನ ವೇಗದಲ್ಲಿ ಏಣಿ ಹತ್ತಲಿ, ಯಾರೂ ಯಾರಿಗೂ ಕಾಯುವುದು ಬೇಡ ಅಂತ. ಆದರೆ ಏಣಿ ಅಂದ ಮೇಲೆ ಕೆಳಗಿನ ಮೆಟ್ಟಿಲು ಅಂತ ಒಂದು ಇದ್ದೇ ಇರುತ್ತದೆ. ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದು ಆ ಕೋಣೆಯ ಮಕ್ಕಳಿಗೆ ಬಾಯಿಪಾಠ. ಮೂರನೇ ತರಗತಿಯ ಒಬ್ಬ ಹುಡುಗ ಇನ್ನೂ ಮೊದಲ ಮೆಟ್ಟಿಲುಗಳಲ್ಲೇ ಇದ್ದ. ಮನೆಯಲ್ಲಿ ಅವನದು ಲಂಬಾಣಿ ಮಾತು. ಕೋಣೆಗೆ ಬಂದರೆ ಗೋಡೆಗೆ ಒರಗಿ ಕೂರುತ್ತಿದ್ದ, ಯಾರ ಕಣ್ಣಿಗೂ ಬೀಳದ ಹಾಗೆ.

ಚಿತ್ರಪುಸ್ತಕ ಓದುವುದಕ್ಕೆ ಒಂದು ಕೈಚಳಕ ಬೇಕು. ಪುಸ್ತಕವನ್ನು ಎದೆಯ ಪಕ್ಕಕ್ಕೆ, ಮಕ್ಕಳ ಕಡೆ ಮುಖ ಮಾಡಿ ಹಿಡಿಯಬೇಕು. ಮಾತು ಬಾಯಿಗೆ ಬಂದಿರಬೇಕು, ಇಲ್ಲದಿದ್ದರೆ ಕತ್ತು ಉಳುಕುತ್ತದೆ. ಹಿಂದಿನ ಸಾಲಿಗೂ ಕಾಣುವ ಹಾಗೆ ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಎಲ್ಲಕ್ಕಿಂತ ಕಷ್ಟದ್ದು, ಪುಟ ಮಗುಚುವ ಮೊದಲು ಸುಮ್ನೆ ಇರಬೇಕು. ಈ ಪುಸ್ತಕದ ಸ್ವಾರಸ್ಯ ಇರುವುದೇ ಅಲ್ಲಿ. ಒಂದು ಪುಟದಲ್ಲಿ ನರಿ ಹಾರಲು ಸಿದ್ಧವಾಗಿರುತ್ತದೆ. ಮುಂದಿನ ಪುಟದಲ್ಲಿ ಮಾತೇ ಇಲ್ಲ, ನರಿ ಮುಗ್ಗರಿಸಿದ ಚಿತ್ರ ಅಷ್ಟೇ. ನಡುವೆ ಮಗುಚುವ ಹಾಳೆ. ಆ ಹಾಳೆ ಏಳುವವರೆಗೆ ಮಕ್ಕಳು ಉಸಿರು ಹಿಡಿದಿರುತ್ತಾರೆ.

ನಾನು ಗಂಭೀರವಾಗಿ ರೋಸಿಯ ವಿಷಯ ಮಾತ್ರ ಓದಿದೆ. ಎರಡನೇ ಪುಟಕ್ಕೇ ಕೂಗು ಎದ್ದಿತು. "ನರಿ! ಮಿಸ್, ನರಿ!" ನಾನು ಕಿವುಡಿಯ ಹಾಗೆ, "ರೋಸಿ ಕೊಳ ಸುತ್ತಿದಳು" ಎಂದೆ. "ಅಯ್ಯೋ, ಹಿಂದೆ ನೋಡೇ!" ಎಂದು ಒಬ್ಬಳು ಕೋಳಿಗೇ ಬೈದಳು. ಓದುವವರಿಗೆ ಗೊತ್ತಿಲ್ಲದ್ದು ತಮಗೆ ಗೊತ್ತಿದೆ ಅನ್ನುವ ಖುಷಿ ಇದೆಯಲ್ಲ, ಶಾಲೆಯಲ್ಲಿ ಅದು ಸಿಗುವುದು ಅಪರೂಪ. ಅಕ್ಷರ ಬರುವವರು, ಬಾರದವರು ಎಲ್ಲರೂ ಆವತ್ತು ಒಂದೇ ಮೆಟ್ಟಿಲಲ್ಲಿದ್ದರು. ಅಕ್ಷರ ಓದುತ್ತಿದ್ದ ನಾನೊಬ್ಬಳೇ ಕೆಳಗೆ.

ಪುಸ್ತಕ ಮುಗಿದ ಮೇಲೆ ಒಬ್ಬಳು ಕೇಳಿದಳು, "ಕೋಳಿಗೆ ಗೊತ್ತಿತ್ತಾ ಮಿಸ್?" ಅಲ್ಲಿಂದ ಶುರುವಾಯಿತು ನೋಡಿ. ಗೊತ್ತಿರಲಿಲ್ಲ, ಒಂದು ಸಲವೂ ತಿರುಗಿ ನೋಡಿಲ್ಲವಲ್ಲ ಎಂದು ಅರ್ಧ ಕೋಣೆ. ಗೊತ್ತಿತ್ತು, ಇಲ್ಲದಿದ್ದರೆ ನರಿ ಬೀಳುವ ಜಾಗಕ್ಕೇ ಸರಿಯಾಗಿ ಯಾಕೆ ಹೋಗುತ್ತಿದ್ದಳು ಎಂದು ಇನ್ನರ್ಧ. ಕಣ್ಣು ನೋಡಿ, ಕಳ್ಳಿ ಅವಳು ಎಂದು ಒಬ್ಬಳು. ಆಗ ಗೋಡೆಗೆ ಒರಗಿದ್ದ ಹುಡುಗ ಎದ್ದು ಬಂದ. ಏನೂ ಹೇಳದೆ ಪುಸ್ತಕ ತೆಗೆದು, ಹಿಟ್ಟಿನ ಗಿರಣಿಯ ಪುಟ ಹುಡುಕಿ, ಬೆರಳಿಟ್ಟ. ಹಿಟ್ಟಿನ ಚೀಲಕ್ಕೆ ಕಟ್ಟಿದ ದಾರ ರೋಸಿಯ ಕಾಲಿಗೆ ಸಿಕ್ಕಿಕೊಂಡಿದೆ. ಅವಳು ನಡೆದಂತೆ ದಾರ ಎಳೆದು ಹಿಟ್ಟು ನರಿಯ ತಲೆ ಮೇಲೆ ಸುರಿಯುತ್ತದೆ. "ಅವಳೇ ಎಳೀತಾಳೆ" ಎಂದ. ನಾನು ಆ ಪುಸ್ತಕವನ್ನು ಅದೆಷ್ಟು ಸಲ ಓದಿದ್ದೆನೋ. ದಾರ ನೋಡಿದ್ದೆ, ಅದು ಸಾಕ್ಷಿ ಅಂತ ಹೊಳೆದಿರಲಿಲ್ಲ. ಗೊತ್ತಿಲ್ಲ ಎಂದವರ ಗುಂಪು ಸೋಲೊಪ್ಪಲಿಲ್ಲ. ಕಾಲಿಗೆ ತಾನಾಗೇ ಸಿಕ್ಕಿಕೊಂಡಿರಬಹುದಲ್ಲ, ನಮ್ಮ ಹಟ್ಟಿ ಕೋಳಿಗೂ ಹಂಗೇ ಆಗುತ್ತೆ ಅಂದರು. ಎಲ್ಲರೂ ಪುಸ್ತಕದ ಮೇಲೆ ಬಿದ್ದರು. ಕೂಗಾಟ.

ಕೂಗಾಟ ಕೇಳಿ ಪಕ್ಕದ ಕೋಣೆಯ ಟೀಚರ್ ಬಾಗಿಲಿಗೆ ಬಂದರು. ಒಳ್ಳೆಯವರು. ನನಗೆ ತೊಂದರೆ ಆಗುತ್ತಿದೆ ಅಂದುಕೊಂಡಿರಬೇಕು. "ಎಲ್ಲಾ ಕೂತ್ಕೊಳ್ಳಿ. ಹಾಗಾದರೆ ಈ ಕಥೆಯಿಂದ ಏನು ಕಲಿತಿರಿ ಮಕ್ಕಳೇ?" ಎಂದರು. ಒಂದೇ ಕ್ಷಣ. ಇಡೀ ಕೋಣೆ ಕೈ ಕಟ್ಟಿ ಕೂತು ಒಂದೇ ರಾಗದಲ್ಲಿ, "ಬೇರೆಯವರಿಗೆ ಕೆಟ್ಟದ್ದು ಮಾಡಬಾರದು" ಎಂದಿತು. ದಾರ ತೋರಿಸಿದ ಹುಡುಗನೂ ಎಲ್ಲರ ಜೊತೆ ಬಾಯಿ ಆಡಿಸಿದ, ಹೋಗಿ ಗೋಡೆಗೆ ಒರಗಿದ.

ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಅಕ್ಷರ, ಲೆಕ್ಕ, ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಆನ್‌ಲೈನ್ ಹಾಜರಿ ಎಲ್ಲ ನೋಡುವವರಿಗೆ, ಕಥೆ ಕಿವಿಗೆ ಬಿತ್ತೋ ಇಲ್ಲವೋ ಎಂದು ತಿಳಿಯಲು ಒಂದು ಪ್ರಶ್ನೆ ಬೇಕಾಗುತ್ತದೆ. ಆದರೆ ಆ ಪ್ರಶ್ನೆಗೆ ಕಥೆ ಕೇಳದೆಯೂ ಉತ್ತರ ಹೇಳಬಹುದು. ಪುಸ್ತಕದ ರಟ್ಟು ನೋಡಿದರೆ ಸಾಕು. ಅದೇ ಅದರ ತೊಂದರೆ. ಕೋಳಿಗೆ ಗೊತ್ತಿತ್ತಾ ಅನ್ನುವುದಕ್ಕೆ ಉತ್ತರ ಹೇಳಬೇಕಾದರೆ ಮಾತ್ರ ಪುಟ ತಿರುವಬೇಕು.

ಕರಿ ಬಣ್ಣದ ಪ್ಲೇಟು

ನಮ್ಮ ಕಡೆ ಚಿತ್ರಕ್ಕೆ ಬರವೇನೂ ಇರಲಿಲ್ಲ. ಕನ್ನಡ ಚಂದಮಾಮ 1949ರಲ್ಲೇ ಬಂತು. ಅದರ ಚಿತ್ರ ನೋಡುತ್ತಾ ಬೆಳೆದ ತಲೆಮಾರು ಈಗಲೂ ಬೇತಾಳನ ನೇತಾಡುವ ಕಾಲನ್ನು ಮರೆತಿಲ್ಲ. ಕಾರಂತರು 1936ರಲ್ಲೇ ಮಕ್ಕಳಿಗಾಗಿ ಬಾಲ ಪ್ರಪಂಚದ ಸಂಪುಟಗಳನ್ನು ತಂದರು. ನವಕರ್ನಾಟಕದ ಮಳಿಗೆಗಳಲ್ಲಿ ರಷ್ಯದ ಪುಸ್ತಕಗಳು ಸಿಗುತ್ತಿದ್ದವು. ದಪ್ಪ ಹಾಳೆ, ಹಿಮದ ಚಿತ್ರ, ತೀರಾ ಕಡಿಮೆ ಬೆಲೆ. ಹಾಸನದ ಬಿಸಿಲಲ್ಲಿ ಕೂತು ಹಿಮಗಾಡಿ ನೋಡಿದವರಲ್ಲಿ ನಾನೂ ಒಬ್ಬಳು. ಆದರೆ ಚಂದಮಾಮದಲ್ಲಿ ಚಿತ್ರ ಮುಚ್ಚಿದರೂ ಕಥೆ ನಡೆಯುತ್ತದೆ. ಚಿತ್ರಪುಸ್ತಕದಲ್ಲಿ ನಡೆಯುವುದಿಲ್ಲ. ಅಲ್ಲಿ ಮಾತು ಅರ್ಧ ಹೇಳುತ್ತದೆ, ಚಿತ್ರ ಇನ್ನರ್ಧ ಹೇಳುತ್ತದೆ. ಒಳ್ಳೆಯ ಪುಸ್ತಕದಲ್ಲಿ ಎರಡೂ ಸೇರಿದರೂ ಒಂಚೂರು ಬಾಕಿ ಉಳಿಯುತ್ತದೆ.

ಕನ್ನಡದಲ್ಲೇ ಹುಟ್ಟಿದ ಇಂಥ ಪುಸ್ತಕ ಕಡಿಮೆ. ಕಾರಣ ಪ್ರತಿಭೆ ಅಲ್ಲ, ಮುದ್ರಣ. ನಾಲ್ಕು ಬಣ್ಣದಲ್ಲಿ ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕುವುದು ದುಬಾರಿ. ಸಾವಿರ ಪ್ರತಿಗೆ ಗಿಟ್ಟುವುದಿಲ್ಲ. ಅದಕ್ಕೆ ಪ್ರಕಾಶಕರು ಒಂದು ಉಪಾಯ ಮಾಡುತ್ತಾರೆ. ಚಿತ್ರದ ಬಣ್ಣಗಳನ್ನು ಎಲ್ಲಾ ಭಾಷೆಗೂ ಒಟ್ಟಿಗೆ ಅಚ್ಚು ಹಾಕುತ್ತಾರೆ. ಅಕ್ಷರ ಇರುವ ಕರಿ ಬಣ್ಣದ ಪ್ಲೇಟ್ ಮಾತ್ರ ಭಾಷೆಗೊಂದು. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್, ಚೆನ್ನೈನ ತೂಲಿಕಾ, ನಮ್ಮ ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್, ಎಲ್ಲರೂ ಹಲವು ಭಾಷೆಗೆ ಒಂದೇ ಚಿತ್ರ ಅನ್ನುವ ದಾರಿಯಲ್ಲೇ ನಡೆದವರು. ಅದರಿಂದಲೇ ಚಿತ್ರಪುಸ್ತಕ ಬಡ ಮಕ್ಕಳ ಕೈಗೂ ಬಂದದ್ದು. ನಷ್ಟವೂ ಇದೆ. ಎಲ್ಲಾ ಭಾಷೆಗೂ ಹೊಂದಬೇಕು ಎಂದರೆ ಚಿತ್ರದ ಊರು ಯಾವ ಊರೂ ಆಗುವುದಿಲ್ಲ. ಮನೆಗೆ ಮಂಗಳೂರು ಹೆಂಚೂ ಇಲ್ಲ, ಕಪ್ಪು ಕಲ್ಲಿನ ಚಪ್ಪಡಿಯೂ ಇಲ್ಲ. ಕನ್ನಡವೂ ಒಂದೊಂದು ಸಲ ಇಸ್ತ್ರಿ ಹಾಕಿದ ಕನ್ನಡ. "ಅವನು ಅತ್ಯಂತ ಸಂತೋಷಭರಿತನಾದನು" ಎಂದು ಇದ್ದರೆ ನಾನು ಸುಮ್ನೆ "ಅವನಿಗೆ ಸಿಕ್ಕಾಪಟ್ಟೆ ಖುಷಿಯಾಯಿತು" ಎಂದು ಓದುತ್ತೇನೆ. ಚಿತ್ರಪುಸ್ತಕದಲ್ಲಿ ಅಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳಬಹುದು ಎಂದು ನನ್ನ ನಂಬಿಕೆ. ಅಕ್ಷರ ಬಲ್ಲ ಮಕ್ಕಳು ಮಾತ್ರ ತಕ್ಷಣ ಹಿಡಿಯುತ್ತಾರೆ. "ಮಿಸ್, ಅಲ್ಲಿ ಹಂಗಿಲ್ಲ."

ಅರ್ಥಪೂರ್ಣ ಪುಸ್ತಕ ತನ್ನಿ ಎಂದು ಶಾಲೆಯವರು ಹೇಳುತ್ತಾರೆ. ರೋಹಿಣಿ ನಿಲೇಕಣಿಯವರ ಶೃಂಗೇರಿ ಶ್ರೀನಿವಾಸನ ಕಥೆ ಅರ್ಥಪೂರ್ಣವೋ ಅಲ್ಲವೋ? ವರ್ಷಕ್ಕೊಮ್ಮೆ ಕೂದಲು ಕತ್ತರಿಸುವವನು ಅವನು. ಕ್ಷೌರದವನಿಗೆ ಪುರುಸೊತ್ತಿಲ್ಲ. ಹೆಂಡತಿ, ದರ್ಜಿ, ಬಡಗಿ ಯಾರೂ ಒಪ್ಪುವುದಿಲ್ಲ. ಕೊನೆಗೆ ಕಾಡಿನಲ್ಲಿ ಹುಲಿಯ ಗರ್ಜನೆ ಕೇಳಿ ಹೆದರಿಕೆಗೆ ಕೂದಲೆಲ್ಲ ತಾನೇ ಉದುರುತ್ತದೆ. ಪ್ರಥಮ್ ಬುಕ್ಸ್‌ನವರು ಸೆಪ್ಟೆಂಬರ್ 8ರ ಸಾಕ್ಷರತಾ ದಿನದಂದು ಊರೂರಲ್ಲಿ ಓದಿಸಿದ ಕಥೆಗಳಲ್ಲಿ ಇದೂ ಒಂದು. ನಾನು ಓದಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ರೂಢಿಯಂತೆ ಒಬ್ಬ ಎದ್ದು ನಿಂತು, "ತಿಂಗಳಿಗೊಮ್ಮೆ ಕಟಿಂಗ್ ಮಾಡಿಸಬೇಕು" ಎಂದ. ಅವನಿಗೂ ನಗು ತಡೆಯಲಾಗಲಿಲ್ಲ.

ಹುಲಿ ಎಲ್ಲಿ?

"ನಿಮ್ಮ ಕೋಳಿ ಕಥೆ ಬಿಡಿ ಮೇಡಂ. ಪುಣ್ಯಕೋಟಿಗಾದರೂ ನೀತಿ ಇದೆ ಅಲ್ವಾ?" ಮುಖ್ಯ ಶಿಕ್ಷಕಿ ಒಮ್ಮೆ ಕೇಳಿದರು. ಇದೆ ಮತ್ತೆ. ಕರ್ನಾಟಕದಲ್ಲಿ ಸತ್ಯ ಅಂದರೆ ಪುಣ್ಯಕೋಟಿ. ಹಾಗಾಗಿ ಮುಂದಿನ ಸಲ ಅದನ್ನೇ ತೆಗೆದುಕೊಂಡು ಹೋದೆ, ದೊಡ್ಡ ಚಿತ್ರಗಳಿದ್ದ ಒಂದು ಪುಸ್ತಕ. ಹಾಡು ಎಲ್ಲರಿಗೂ ಬರುತ್ತಿತ್ತು. ಅವರು ಹಾಡಿದರು, ನಾನು ಪುಟ ತಿರುಗಿಸಿದೆ.

ಹಾಡನ್ನು ಚಿತ್ರದ ಜೊತೆ ನಿಧಾನವಾಗಿ ಕೇಳಿದರೆ ಒಂದು ವಿಷಯ ಗೊತ್ತಾಗುತ್ತದೆ. ಸತ್ಯದ ಮಾತು ಅದರಲ್ಲಿ ಇರುವುದು ನಾಲ್ಕೈದು ಸಾಲು. ಮಿಕ್ಕ ಹೊತ್ತು ಹಾಡು ಕರುವಿನ ಹತ್ತಿರವೇ ಇರುತ್ತದೆ. ಇನ್ನು ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ ಎಂದು ಕರು ಕೇಳುತ್ತದೆ. ತಾಯಿ ಉಳಿದ ಹಸುಗಳನ್ನು ಕರೆದು, ಇವನು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಬೇಡಿಕೊಳ್ಳುತ್ತದೆ. ಆ ಪುಟದಲ್ಲಿ ಚಿತ್ರಕಾರರು ನಾಲ್ಕಾರು ಹಸುಗಳ ಮುಖ ಬರೆದಿದ್ದರು. ಒಂದು ಹಸು ಮಾತ್ರ ಬೇರೆ ಕಡೆ ನೋಡುತ್ತಿತ್ತು. "ಇದು ಒದೆಯುತ್ತೆ" ಎಂದಳು ಒಬ್ಬಳು, ಯಾವ ಅನುಮಾನವೂ ಇಲ್ಲದೆ. ಅವಳ ಅಮ್ಮ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾಳೆ. ಇವಳು ಚಿಕ್ಕಪ್ಪನ ಮನೆಯಲ್ಲಿದ್ದಾಳೆ. ಇದು ನನಗೆ ಗೊತ್ತಾದದ್ದು ಆಮೇಲೆ. ಆಗ ಅವಳು ಹೇಳಿದ್ದು ಹಸುವಿನ ಬಗ್ಗೆ, ನಾನು ಕೇಳಿಸಿಕೊಂಡದ್ದೂ ಹಸುವಿನ ಬಗ್ಗೆ. ಅಷ್ಟೇ ಇರಲಿ ಅನ್ನಿಸುತ್ತದೆ. ಹಸುವಿನ ಮಾತಾಗಿ ಹೇಳಬಹುದು ಅನ್ನುವುದಕ್ಕೇ ಅವಳು ಹೇಳಿದ್ದು.

ಕೊನೆಯ ಪುಟದಲ್ಲಿ ತಾಯಿ, ಕರು ಒಟ್ಟಿಗೆ ಇದ್ದವು. ಹಿಂದೆ ಸೂರ್ಯ. ನೀತಿಗೆ ಕಾದೆ. ಬದಲಿಗೆ ಒಬ್ಬ, "ಹುಲಿ ಎಲ್ಲಿ?" ಎಂದ. ಸತ್ತುಹೋಯಿತಲ್ಲ, ಹಾಡಲ್ಲಿ ಕೇಳಲಿಲ್ವಾ ಎಂದು ಪಕ್ಕದವನು. ಕೇಳಿದ್ದ ಅವನು. ಅವನಿಗೆ ಚಿತ್ರ ಬೇಕಿತ್ತು. ಹಿಂದಿನ ಪುಟಕ್ಕೆ ಹೋದೆವು. ಅಲ್ಲಿ ಹುಲಿ ಆಕಾಶಕ್ಕೆ ಹಾರಿತ್ತು, ಕಾಲು ಮೇಲೆ. ಮುಂದಿನ ಪುಟದಲ್ಲಿ ಇಲ್ಲ. ನಡುವಿನದು ಯಾರೂ ಬರೆದಿಲ್ಲ. "ಅದು ಯಾಕೆ ಸಾಯಬೇಕಿತ್ತು? ಅದಕ್ಕೆ ಹಸಿವಾಗಿತ್ತು ಅಷ್ಟೇ ಅಲ್ವಾ?" "ಅದು ತಿನ್ನಲಿಲ್ಲವಲ್ಲ, ಒಳ್ಳೇದೇ ಮಾಡಿತಲ್ಲ." "ಪಾಪ ಆಗುತ್ತೆ ಅಂತ ಸತ್ತಿತು." "ಹಸಿವಾದರೆ ಪಾಪನಾ?" ಈ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ದೊಡ್ಡವರು ಸಭೆ ಕಟ್ಟಿ ಮಾಡಬೇಕಾದ ಜಗಳ ಅದು. ಎರಡನೇ, ಮೂರನೇ ತರಗತಿಯ ಮಕ್ಕಳು ಬಿಸಿಯೂಟದ ಗಂಟೆ ಹೊಡೆಯುವವರೆಗೂ ಮಾಡಿದರು. ಸತ್ಯದ ಸುದ್ದಿ ಯಾರೂ ಎತ್ತಲಿಲ್ಲ.

ಇಂಗ್ಲೆಂಡಿನ ಏಡನ್ ಚೇಂಬರ್ಸ್ ಎಂಬ ಲೇಖಕರು ಮಕ್ಕಳ ಜೊತೆ ಪುಸ್ತಕದ ಬಗ್ಗೆ ಮಾತಾಡುವುದು ಹೇಗೆ ಎಂದು ಬರೆದಿದ್ದಾರೆ. ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಎಲ್ಲಿ ತಲೆ ಕೆಟ್ಟಿತು, ಏನು ಮತ್ತೆ ಮತ್ತೆ ಬಂತು. ಅವರು ಶುರುಮಾಡುವುದು ಇಷ್ಟರಿಂದಲೇ. ಯಾಕೆ ಎಂದು ಕೇಳಬೇಡಿ, ಹೇಳು ಎನ್ನಿ ಅನ್ನುತ್ತಾರೆ. ಯಾಕೆ ಅಂದರೆ ಮಗುವಿಗೆ ಪರೀಕ್ಷೆ ಶುರುವಾದ ಹಾಗೆ ಕೇಳಿಸುತ್ತದೆ. ನಾನು ಮೂರನೆಯದನ್ನು ಜಾಸ್ತಿ ಬಳಸುತ್ತೇನೆ. ಅರ್ಥವಾಗದೇ ಇರುವುದನ್ನು ಹೇಳಿದರೂ ಶಭಾಷ್ ಸಿಗುತ್ತದೆ ಎಂದು ಗೊತ್ತಾದರೆ ಮಕ್ಕಳ ಬಾಯಿ ತಾನೇ ಬಿಚ್ಚುತ್ತದೆ.

ಗೋಣಿತಟ್ಟು

ಇಲ್ಲಿವರೆಗಿನದು ಸುಲಭದ ಮಾತು. ನೀತಿ ಬೇಡ ಎಂದು ಕೋಳಿಯ ಕಥೆಯಲ್ಲಿ ಹೇಳಬಹುದು. ನೀತಿ ಬೇಕೇಬೇಕು ಅನ್ನಿಸುವ ಪುಸ್ತಕಗಳಲ್ಲಿ?

ಆರು, ಏಳನೇ ತರಗತಿಗೆ ಅಂಬೇಡ್ಕರ್ ಬಾಲ್ಯದ ಚಿತ್ರಪುಸ್ತಕ ಓದಿದೆ. ಅದರಲ್ಲಿರುವ ಸಂಗತಿಗಳು ಅಂಬೇಡ್ಕರ್ ಅವರೇ ಬರೆದಿಟ್ಟ ನೆನಪುಗಳಲ್ಲಿ ಇವೆ. ಶಾಲೆಯಲ್ಲಿ ನಲ್ಲಿ ಮುಟ್ಟುವ ಹಾಗಿರಲಿಲ್ಲ. ಜವಾನ ಬಂದು ನೀರು ಬಿಟ್ಟರೆ ಉಂಟು, ಜವಾನ ಇಲ್ಲದ ದಿನ ನೀರಿಲ್ಲ. ಕೂರಲು ಮೂಲೆಯಲ್ಲಿ ಬೇರೆ ಗೋಣಿತಟ್ಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಹುಡುಗ ಸಂಜೆ ಅದನ್ನು ಮನೆಗೆ ಹೊತ್ತು, ಬೆಳಿಗ್ಗೆ ಮತ್ತೆ ತರಬೇಕು. ಓದುವ ಮೊದಲು ಮುಖ್ಯ ಶಿಕ್ಷಕಿ, "ಇದು ಬೇಕಾ ಮೇಡಂ? ಊರು ಹೆಂಗಿದೆ ಗೊತ್ತಲ್ಲ" ಎಂದಿದ್ದರು. ಬೇಡ ಎನ್ನಲಿಲ್ಲ. ಅವರೂ ಬಂದು ಹಿಂದೆ ಕೂತರು. ಊರು ಹೇಗಿದೆ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಯಾವ ಬೀದಿ ಯಾರದು, ಯಾರ ಮನೆಯಲ್ಲಿ ಯಾರು ಕಾಫಿ ಕುಡಿಯುತ್ತಾರೆ, ಎಲ್ಲ.

ಗೋಣಿತಟ್ಟಿನ ಪುಟ ಬಂದಾಗ ಒಂದು ಹುಡುಗಿ ಕೇಳಿದಳು, "ಮಳೆ ಬಂದರೆ?" ನನಗೆ ತಕ್ಷಣ ಅರ್ಥವಾಗಲಿಲ್ಲ. "ಮಳೆ ಬಂದರೆ ಗೋಣಿ ನೆನೆಯುತ್ತಲ್ಲ ಮಿಸ್. ನೆಂದಿದ್ದರ ಮೇಲೆ ಹೆಂಗೆ ಕೂರ್ತಾನೆ?" ಮಲೆನಾಡಿನ ಸೆರಗಿನ ಮಕ್ಕಳು. ಒದ್ದೆ ಗೋಣಿಯ ಭಾರ, ಅದರ ವಾಸನೆ ಅವರಿಗೆ ಗೊತ್ತು. ಪುಸ್ತಕ ಒದ್ದೆಯಾಗದ ಹಾಗೆ ಗೋಣಿಯನ್ನೇ ತಲೆ ಮೇಲೆ ಕೊಪ್ಪೆ ಮಾಡಿಕೊಂಡು ಬರುತ್ತಿದ್ದನೇನೋ, ಆಗ ಕೂರುವುದಕ್ಕೆ ಏನು? ಅವರು ಆ ಹುಡುಗನ ಒಂದು ದಿನವನ್ನು ಗಂಟೆ ಗಂಟೆಯಾಗಿ ಕಟ್ಟತೊಡಗಿದರು. ಅಷ್ಟರಲ್ಲಿ ಒಬ್ಬ, "ನಮ್ಮ ಅಜ್ಜನೂ ಹೇಳ್ತಿತ್ತು, ಇಲ್ಲೇ..." ಎಂದು ಶುರುಮಾಡಿ ಪಕ್ಕದವನ ಮುಖ ನೋಡಿ ನಿಲ್ಲಿಸಿದ. ಎಲ್ಲರೂ ಸುಮ್ಮನಾದರು. ಆ ಮೌನ ಯಾರಿಗೂ ತಡೆಯಲಾಗಲಿಲ್ಲ. ಹಿಂದಿನಿಂದ ಯಾರೋ, "ಜಾತಿ ಭೇದ ಮಾಡಬಾರದು!" ಎಂದರು. ಎಲ್ಲರೂ ದನಿಗೂಡಿಸಿದರು. ಅಜ್ಜನ ಮಾತೆತ್ತಿದವನೂ ಕೂಡಿಸಿದ, ಸ್ವಲ್ಪ ಜೋರಾಗೇ.

ನೀತಿ ಮಾಡುವ ಕೆಲಸ ನನಗೆ ನಿಚ್ಚಳವಾಗಿ ಕಂಡದ್ದು ಅಲ್ಲಿ. ಮಾತು ಎಷ್ಟು ಸರಿ ನೋಡಿ. ಒಂದಕ್ಷರ ತಪ್ಪಿಲ್ಲ. ಆದರೆ ಅದು ಬಂದದ್ದು ಅಜ್ಜನ ಕಥೆ ಹೊರಗೆ ಬರುವ ಹೊತ್ತಿಗೆ. ಇಲ್ಲೇ ಅಂದರೆ ಎಲ್ಲಿ? ಯಾರ ಅಂಗಳ? ಆ ಅಂಗಳದವರ ಮೊಮ್ಮಗ ಅದೇ ಸಾಲಿನಲ್ಲಿ ಕೂತಿದ್ದಾನೆಯೇ? ಭೇದ ಮಾಡಬಾರದು ಎಂದು ಒಟ್ಟಿಗೆ ಕೂಗಿದ ಮೇಲೆ ಇದ್ಯಾವುದೂ ಬೇಕಾಗುವುದಿಲ್ಲ. ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ, ಕೇಳಿಸಿಕೊಂಡ ದೊಡ್ಡವರೂ ಸೇರಿ. ನಾನು ಹುಡುಗನನ್ನು ಅಜ್ಜನ ಬಗ್ಗೆ ಕೇಳಲಿಲ್ಲ. ನಾಲ್ಕು ಜನರ ಮುಂದೆ ಆ ಮಾತಿನ ಭಾರ ಅವನ ಮೇಲೆ ಹಾಕುವ ಹಕ್ಕು ನನಗಿಲ್ಲ. ನಾನು ಅದೇ ಪುಟಕ್ಕೆ ವಾಪಸ್ ಹೋಗಿ, "ಮಳೆ ಬಂದರೆ ಅಂದೆಯಲ್ಲ, ಆಮೇಲೆ?" ಎಂದು ಆ ಹುಡುಗಿಯನ್ನು ಕೇಳಿದೆ. ಮತ್ತೆ ಒದ್ದೆ ಗೋಣಿಗೆ ಬಂದರು. ಒಬ್ಬಳು ಅದನ್ನು ಒಲೆ ಮುಂದೆ ಒಣಗಿಸುತ್ತಾನೆ ಎಂದಳು. ಅವನಿಗೆ ಅಮ್ಮ ಇರಲಿಲ್ಲವಂತೆ ಎಂದು ಇನ್ನೊಬ್ಬಳು, ಅದೇ ಪುಸ್ತಕದ ಬೇರೆ ಪುಟ ನೆನಪಿಟ್ಟುಕೊಂಡು. ಅಜ್ಜನ ಮಾತು ಆವತ್ತು ಬರಲಿಲ್ಲ. ಬರಲೇಬೇಕು ಅಂತಲೂ ಇಲ್ಲ.

ಆಮೇಲೆ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರಿಗೂ ಸಣ್ಣ ವಾದವಾಯಿತು. ಮುಖ್ಯ ಶಿಕ್ಷಕಿಯ ಪ್ರಕಾರ ಆ ಘೋಷಣೆಯೂ ಬೇಕು. ಬಾಯಲ್ಲಾದರೂ ಹೇಳಿ ಅಭ್ಯಾಸವಾಗಲಿ, ಅವರಪ್ಪಂದಿರು ಅದನ್ನೂ ಹೇಳುವವರಲ್ಲ ಎಂದರು. ಇದನ್ನು ತಳ್ಳಿಹಾಕುವುದು ನನ್ನಿಂದಾಗಲಿಲ್ಲ. ಅವರು ಆ ಊರಲ್ಲಿ ಬಹಳ ವರ್ಷದಿಂದ ಇದ್ದಾರೆ. ನಾನು ಶನಿವಾರ ಬಂದು ಹೋಗುವವಳು. ಆದರೂ ಘೋಷಣೆ ಕೊನೆಗಿರಲಿ, ನಡುವೆ ಬೇಡ ಎಂದೆ. ಅವರು ನಕ್ಕು, ಮಕ್ಕಳಿಗೆ ಹೇಳಿ ನೋಡಿ ಎಂದರು.

ಬೀರುವಿನ ಬೀಗ

ಪುಸ್ತಕ ಇಲ್ಲದ್ದಕ್ಕೆ ಇದೆಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪುಸ್ತಕ ಇವೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯದ ಅನುದಾನ ಇದೆ. 2020ರಲ್ಲಿ ಓದುವ ಬೆಳಕು ಅನ್ನುವ ಸರ್ಕಾರಿ ಕಾರ್ಯಕ್ರಮ ಶುರುವಾದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2015ರಿಂದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು, ತಮ್ಮ ಭಾಷೆಗೆ ತಿರುಗಿಸಬಹುದು. ಶಾಲೆಯ ಟಿವಿಯಲ್ಲಿ ಹಾಕಿ ತೋರಿಸಿದರೆ ಹಿಂದಿನ ಸಾಲಿಗೂ ಚೆನ್ನಾಗಿ ಕಾಣುತ್ತದೆ. ಆದರೆ ಟಿವಿ ಮುಂದೆ ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಎದ್ದು ಬಂದು ದಾರದ ಮೇಲೆ ಬೆರಳಿಡುವುದಿಲ್ಲ. ನನಗೆ ಕಾಗದವೇ ಬೇಕು.

ಕಾಗದ ಇರುವುದು ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಹಿಂದೆ ಸ್ಟಾಕ್ ರಿಜಿಸ್ಟರ್. ವರ್ಗವಾಗಿ ಹೋಗುವಾಗ ಚಾರ್ಜ್ ವಹಿಸಿಕೊಡುವವರು ಒಂದೊಂದು ಪುಸ್ತಕಕ್ಕೂ ಲೆಕ್ಕ ಕೊಡಬೇಕು. ಕಳೆದದ್ದಕ್ಕೆ ಕೈಯಿಂದ ಕಟ್ಟಬೇಕಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಅದಕ್ಕೇ ಹೊಸ ಪುಸ್ತಕಗಳು ಹೊಸದಾಗೇ ಹಳೆಯದಾಗುತ್ತವೆ, ಪ್ಲಾಸ್ಟಿಕ್ ಹೊದಿಕೆಯೊಳಗೆ. ನಮ್ಮ ಮುಖ್ಯ ಶಿಕ್ಷಕಿಗೂ ಅದೇ ಭಯ ಇತ್ತು. ಆದರೂ ಒಪ್ಪಿದರು. ಏಳನೇ ತರಗತಿಯ ಇಬ್ಬರು ಹುಡುಗಿಯರ ಕೈಗೆ ಬೀಗದ ಕೈ ಕೊಟ್ಟರು. ಬುಧವಾರ ಕೊಡುವುದು, ಸೋಮವಾರ ತಗೊಳ್ಳುವುದು. ಪುಸ್ತಕಗಳು ಅರಿಶಿನದ ಬೆರಳಚ್ಚು, ಸಾರಿನ ಕಲೆ, ತಮ್ಮ ತಂಗಿಯರು ಬರೆದ ಮೀಸೆ ಎಲ್ಲ ಹೊತ್ತು ವಾಪಸ್ ಬರುತ್ತಿವೆ.

ಮೊದಲು ಹರಿದದ್ದು ಶೃಂಗೇರಿ ಶ್ರೀನಿವಾಸ. ಹುಲಿಯ ಪುಟ ಇಲ್ಲ. ರಿಜಿಸ್ಟರ್‌ನ ಷರಾ ಕಾಲಂನಲ್ಲಿ ಏನು ಬರೆಯುವುದು ಎಂದು ಹುಡುಗಿಯರು ಬಹಳ ಹೊತ್ತು ಯೋಚಿಸಿ, ದುಂಡಗೆ, "ಓದಿ ಹರಿದಿದೆ" ಎಂದು ಬರೆದರು. ಮುಖ್ಯ ಶಿಕ್ಷಕಿ ಅದನ್ನು ನೋಡಿ, ಕನ್ನಡಕ ತೆಗೆದು ಹಾಕಿ, ಮತ್ತೆ ನೋಡಿ, ಕೆಳಗೆ ಸಹಿ ಮಾಡಿದರು. ಆಡಿಟ್‌ನವರು ಏನನ್ನುತ್ತಾರೋ ನೋಡಬೇಕು. ಪುಟ ಯಾರ ಮನೆಯಲ್ಲಿದೆ ಅನ್ನುವುದು ಆ ಹುಡುಗಿಯರಿಗೆ ಗೊತ್ತು. ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.